ಮೇಷ್ಟ್ರಿಗೆ ಕಾಗೆ ಹುಡುಕಿದ ಭಾನುವಾರ

ಹಕ್ಕಿ ನೋಡುವ ಹುಚ್ಚು ಹತ್ತಿದವರಿಗೆ ದೆವ್ವದ ಕಾಟ ತಪ್ಪಿದ್ದಲ್ಲ. ನಾನು ದೆವ್ವ ನಂಬುವವನಲ್ಲ. ಜಯನಗರದಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವವನು. ಇಲ್ಲದ್ದು ಕಂಡಿತು ಎಂದು ಯಾರಾದರೂ ಹೇಳಿದರೆ ಮೊದಲು ಅವರ ಪವರ್ ಚೆಕ್ ಮಾಡುತ್ತೇನೆ. ಆದರೆ ಬೆಳಕು ಪೂರ್ತಿ ಹರಿಯುವ ಮುಂಚೆ ಎಲೆಬಣ್ಣದ ಬಟ್ಟೆ ಹಾಕಿಕೊಂಡು ಪೊದೆ ಪಕ್ಕ ಉಸಿರು ಬಿಗಿಹಿಡಿದು ನಿಂತರೆ ಏನಾದರೊಂದು ಆಗಿಯೇ ಆಗುತ್ತದೆ. ಒಂದೋ ನಾವು ಯಾರನ್ನೋ ನೋಡಿ ಹೆದರುತ್ತೇವೆ, ಇಲ್ಲ ನಮ್ಮನ್ನು ನೋಡಿ ಯಾರೋ ಹೆದರುತ್ತಾರೆ. ಅವೆಲ್ಲ ಒಂದೇ ಬೆಳಗ್ಗೆ ಸಾಲಾಗಿ ಆಗಿದ್ದು ಈ ಜನವರಿಯ ಒಂದು ಭಾನುವಾರ.

ನಮ್ಮದು ಚಿಕ್ಕ ಗುಂಪು. ನಾನು, ಗಿರಿನಗರದ ಒಬ್ಬ ನಿವೃತ್ತ ಇಂಜಿನಿಯರ್, ಬಿಟಿಎಂನಲ್ಲಿ ರೂಮು ಮಾಡಿಕೊಂಡು ಆಫೀಸಿಗೆ ಹೋಗುವ ಒಬ್ಬ ಹುಬ್ಬಳ್ಳಿ ಹುಡುಗಿ. ಮೂವರನ್ನೂ ಸಾಲಾಗಿ ನಿಲ್ಲಿಸಿ ನಡೆಸುತ್ತಿದ್ದವರು ಪದ್ಮನಾಭನಗರದ ಡ್ರಿಲ್ ಮೇಷ್ಟ್ರು. ಸ್ಕೂಲಿಂದ ರಿಟೈರ್ ಆದ ಮೇಲೂ ಅವರು ಡ್ರಿಲ್ ಬಿಟ್ಟಿರಲಿಲ್ಲ, ಮಕ್ಕಳ ಬದಲು ನಾವು ಸಿಕ್ಕಿದ್ದೆವು, ಅಷ್ಟೆ. ಹೋಗುತ್ತಿದ್ದುದು ಬನಶಂಕರಿ ದಾಟಿದ ಮೇಲಿನ ಒಂದು ರಕ್ಷಿತ ಕಾಡಿಗೆ. ಹೆಸರು ಹೇಳಿದರೆ ಮುಂದಿನ ವಾರ ನೀವೂ ಲೆನ್ಸ್ ಎತ್ತಿಕೊಂಡು ಬರುತ್ತೀರಿ, ಆದ್ದರಿಂದ ಹೇಳುವುದಿಲ್ಲ.

ಮೇಷ್ಟ್ರು ಡಿಸೆಂಬರ್‌ನಲ್ಲಿ ತೀರಿಕೊಂಡರು. ಬೆಳಗ್ಗೆ ಕ್ಯಾಮರಾ ಎತ್ತಿಕೊಂಡು ಹೊರಟವರಿಗೆ ಅವರ ಹೆಂಡತಿ, ನಾವೆಲ್ಲ ಅಕ್ಕ ಎಂದು ಕರೆಯುವವರು, "ತಿಂಡಿ ತಿಂದ್ಕೊಂಡು ಹೋಗಿ" ಅಂದರಂತೆ. "ಬೆಳಕು ಹೋಗ್ಬಿಡುತ್ತೆ ಕಣೇ" ಎಂದು ಇವರು ಹೊರಟರು, ಮನೆ ಗೇಟು ದಾಟುವ ಮುಂಚೆ ಎದೆ ಹಿಡಿದುಕೊಂಡು ಕುಸಿದರು. ಹನ್ನೊಂದನೇ ದಿನದ ತಿಥಿಗೆ ಮಹಡಿ ಮೇಲೆ ಎಡೆ ಇಟ್ಟರೆ ಒಂದು ಕಾಗೆಯೂ ಬರಲಿಲ್ಲ. ಅಲ್ಲಿಂದ ಅಕ್ಕ ಅನ್ನ ಮುಟ್ಟಿರಲಿಲ್ಲ. ಅವಲಕ್ಕಿ, ಬಾಳೆಹಣ್ಣು ಅಂತ ದಿನ ತಳ್ಳುತ್ತಿದ್ದರು. "ಹಸ್ಕೊಂಡು ಹೋದೋರು ಇನ್ನೂ ಹಸ್ಕೊಂಡೇ ಇದಾರೆ, ನನಗೆ ಹೆಂಗಪ್ಪಾ ಅನ್ನ ಇಳಿಯುತ್ತೆ?" ಎನ್ನುತ್ತಿದ್ದರು. ಮೈ ಅರ್ಧಕ್ಕೆ ಇಳಿದಿತ್ತು.

ಒಂದು ದಿನ ಅಕ್ಕನಿಗೇ ಹೊಳೆಯಿತು. ಫೋನ್ ಮಾಡಿದರು. "ಕನ್ನಡಕದೋರೇ, ತಪ್ಪು ನಮ್ದೇ. ತಿಥಿ ಬಿದ್ದಿದ್ದು ಭಾನುವಾರ. ಭಾನುವಾರ ಬೆಳಗ್ಗೆ ಅವರು ಯಾವತ್ತು ಮನೇಲಿದ್ರು?"

ಗೇಟು

ಹೀಗೆ ಎಡೆ ಸಮೇತ ಅಕ್ಕನನ್ನು ಕರೆದುಕೊಂಡು ಕಾಡಿಗೆ ಹೊರಟೆವು. ಮಂಜು ಎಷ್ಟಿತ್ತೆಂದರೆ ಗೇಟಿನ ಗಾರ್ಡ್ ಕಾಣುವ ಮುಂಚೆ ಅವನ ಕೆಮ್ಮು ಕೇಳಿಸಿತು. ಮಫ್ಲರ್ ಸುತ್ತಿಕೊಂಡು ಬಂದವನು ಅಕ್ಕನ ಬಟ್ಟೆ ಬ್ಯಾಗಿನಲ್ಲಿದ್ದ ಊಟದ ಕ್ಯಾರಿಯರ್ ಮೇಲೆ ಟಾರ್ಚು ಬಿಟ್ಟ.

"ಊಟ ಗೀಟ ಒಳಗೆ ಬಿಡಲ್ಲ ಮೇಡಂ."

"ಊಟ ನಮಗಲ್ಲಪ್ಪ. ನಮ್ಮ ಯಜಮಾನ್ರಿಗೆ."

"ಅವರೆಲ್ಲಿ?"

"ಒಳಗಿರ್ತಾರೆ."

ಗಾರ್ಡ್ ಹುಬ್ಬು ಗಂಟಿಕ್ಕಿದ. "ಒಳಗಾ? ಈಗ ತಾನೇ ಬೀಗ ತೆಗ್ದಿದೀನಿ, ಒಬ್ರನ್ನೂ ಬಿಟ್ಟಿಲ್ಲ. ಯಾವಾಗ ಹೋದ್ರು?"

"ಹೋಗಿ ತಿಂಗಳಾಯ್ತು."

"ತಿಂಗಳಿಂದ ಒಳಗೇ ಇದಾರಾ? ಊಟ?"

"ಅದಕ್ಕೇ ಅಲ್ವೇನಪ್ಪಾ ತಂದಿರೋದು!"

ನಾನು ಅವನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದೆ. ಅವನು ಅಕ್ಕನನ್ನು ನೋಡಿದ, ಮಂಜು ತುಂಬಿದ ದಾರಿಯನ್ನು ನೋಡಿದ, ಗೇಟಿನ ಪಕ್ಕದ ತನ್ನ ಒಂಟಿ ಕುರ್ಚಿಯನ್ನು ನೋಡಿದ. ಆಮೇಲೆ ಗೇಟು ತೆಗೆದ.

"ಹೋಗಿ ಬನ್ನಿ ಸಾರ್. ಎಲೆ, ಅನ್ನ, ಎಲ್ಲಾ ವಾಪಸ್ ಎತ್ಕೊಂಡು ಬರ್ಬೇಕು. ನಿಮ್ಮ ಯಜಮಾನ್ರನ್ನೂ ದಯವಿಟ್ಟು ಕರ್ಕೊಂಡೇ ಹೋಗಿ ಮೇಡಂ, ಸಂಜೆ ತನಕ ಇಲ್ಲಿ ನಾನೊಬ್ನೇ ಇರೋದು."

ಮಂಜಿನಲ್ಲಿ ನಿಂತವರು

ಒಳಗೆ ಒಂದು ಹಕ್ಕಿಯ ದನಿಯೂ ಇರಲಿಲ್ಲ. ಸಾಮಾನ್ಯವಾಗಿ ಆ ಹೊತ್ತಿಗೆ ಪಿಕಳಾರಗಳ ಗಲಾಟೆ ಶುರುವಾಗಿರುತ್ತದೆ. ಅವತ್ತು ಎಲೆಯಿಂದ ಹನಿ ತೊಟ್ಟಿಕ್ಕುವ ಸದ್ದು, ನಮ್ಮ ಚಪ್ಪಲಿ ಸದ್ದು, ಅಷ್ಟೆ. ಮುಂದೆ ಇಂಜಿನಿಯರ್, ಹಿಂದೆ ಹುಡುಗಿ, ನಡುವೆ ಅಕ್ಕ. ನಾನು ಅಕ್ಕನ ಪಕ್ಕದಲ್ಲಿದ್ದೆ, ಅವರಿಗೆ ಧೈರ್ಯವಾಗಲಿ ಎಂದು.

ದಾರಿ ತಿರುಗುವಲ್ಲಿ ಒಂದು ಜಾಲಿಮರ. ಅದರ ಕೆಳಗೆ ಒಬ್ಬರು ನಮಗೆ ಬೆನ್ನು ಹಾಕಿ ನಿಂತಿದ್ದರು. ಟೋಪಿ, ಉದ್ದ ಕೋಟು, ಎದೆಮಟ್ಟಕ್ಕೆ ಎತ್ತಿದ ಕೈ. ಮೇಷ್ಟ್ರು ನಿಲ್ಲುತ್ತಿದ್ದುದು ಅದೇ ಮರದ ಕೆಳಗೆ, ಹಾಗೇ.

ಇಂಜಿನಿಯರ್ ನಿಂತುಬಿಟ್ಟರು. "ಗಾರ್ಡು ಯಾರನ್ನೂ ಬಿಟ್ಟಿಲ್ಲ ಅಂದ್ನಲ್ರೀ?"

ನಾನು ಗಂಟಲು ಸರಿ ಮಾಡಿಕೊಂಡು "ನಮಸ್ಕಾರ" ಅಂದೆ. ಉತ್ತರವಿಲ್ಲ. "ಸಾರ್" ಅಂದೆ. ಟೋಪಿ ಅಲ್ಲಾಡಲಿಲ್ಲ. ಹುಬ್ಬಳ್ಳಿ ಹುಡುಗಿ ನನ್ನ ಜರ್ಕಿನ್ ಹಿಡಿದುಕೊಂಡು, "ಸರ, ಅವ್ರು ಉಸಿರೂ ಆಡವಲ್ರು ನೋಡ್ರಿ" ಅಂದಳು. ಅಕ್ಕ ಮಾತ್ರ ಹೆದರಲಿಲ್ಲ. ಸೀದಾ ಹೋಗಿ ಅವರ ಬೆನ್ನ ಹಿಂದೆ ನಿಂತು ಮೆಲ್ಲಗೆ ಕೇಳಿದರು. "ಏನ್ರೀ, ತಿಂಡಿ ತಿಂದ್ರಾ?"

ಆಗ ಆ ಆಕೃತಿ ಅಲ್ಲಾಡದೆ ಪಿಸುಗುಟ್ಟಿತು. "ಇಲ್ಲ ಆಂಟಿ. ನನ್ನ ಟೋಪಿ ಮೇಲೆ ಏನಾದ್ರೂ ಕೂತಿದೆಯಾ ನೋಡಿ ಹೇಳ್ತೀರಾ?"

ಕೂತಿತ್ತು. ನೀಲಿ ಬೆನ್ನಿನ, ಬೆಂಕಿಬಣ್ಣದ ಎದೆಯ ನೊಣಹಿಡುಕ ಹಕ್ಕಿ. ಯಾರೋ ಒಬ್ಬ ಹೊಸ ಫೋಟೋಗ್ರಾಫರ್, ಲೇಔಟ್ ಕಡೆಯ ಮುರಿದ ಬೇಲಿಯಿಂದ ನುಸುಳಿ ಬಂದು, ಇದೇ ಹಕ್ಕಿಗಾಗಿ ಮುಖಕ್ಕೆಲ್ಲ ಬಲೆ ಸುತ್ತಿಕೊಂಡು ಮರದಂತೆ ನಿಂತಿದ್ದ. ಎಷ್ಟು ಚೆನ್ನಾಗಿ ನಿಂತಿದ್ದನೆಂದರೆ ಹಕ್ಕಿ ಅವನನ್ನು ಮರವೆಂದೇ ನಂಬಿತ್ತು.

"ಸಖತ್ ಫೋಟೋ ಬರುತ್ತೆ" ಎಂದು ಇಂಜಿನಿಯರ್ ಕ್ಯಾಮರಾ ಎತ್ತಿದರು. ಅವನು ಅಳುವ ದನಿಯಲ್ಲಿ ಅಂದ. "ತೆಗೀರಿ ಅಂಕಲ್, ಆದ್ರೆ ಕೆಳಗೆ ನನ್ನ ಹೆಸರು ಹಾಕಿ. ಹಕ್ಕಿ ನಂದು."

ಬ್ಯಾಗಿನೊಳಗಿನ ಸದ್ದು

ಅವನನ್ನು ಅಲ್ಲೇ ಬಿಟ್ಟು ಮುಂದೆ ಹೋದೆವು. ಸ್ವಲ್ಪ ದೂರ ಹೋದ ಮೇಲೆ ಶುರುವಾಯಿತು. ಟಕ್. ಟಕ್ ಟಕ್. ಟಕಟಕಟಕ.

ಎಲ್ಲರೂ ನಿಂತೆವು, ಸದ್ದು ನಿಂತಿತು. ನಡೆದೆವು, ಮತ್ತೆ ಟಕಟಕ. ಕ್ಯಾಮರಾದ ಶಟರ್ ಸದ್ದು, ಅನುಮಾನವೇ ಇಲ್ಲ. ಆದರೆ ನಮ್ಮ ಮೂವರ ಕೈಯೂ ಶಟರ್ ಮೇಲಿರಲಿಲ್ಲ.

ಅಕ್ಕ ತಮ್ಮ ಬಟ್ಟೆ ಬ್ಯಾಗಿನತ್ತ ನೋಡಿದರು. "ಅವರ ಕ್ಯಾಮರಾ ತಂದಿದೀನಿ ಕಣ್ರೋ. ಇಷ್ಟು ದಿನ ಮನೇಲಿ ಸುಮ್ನೇ ಇತ್ತು. ಇಲ್ಲಿಗೆ ಬಂದ ತಕ್ಷಣ..."

ಇಂಜಿನಿಯರ್ ಧೈರ್ಯ ಮಾಡಿ ಬ್ಯಾಗಿಗೆ ಕೈ ಹಾಕಿದರು. ಕ್ಯಾಮರಾ ಆನ್ ಆಗಿತ್ತು. ಕ್ಯಾರಿಯರ್‌ನ ಹಿಡಿ ನಡೆದಾಗೆಲ್ಲ ಹೋಗಿ ಶಟರ್ ಒತ್ತುತ್ತಿತ್ತು. ಉಸಿರು ಬಿಟ್ಟೆವು. ಇಂಜಿನಿಯರ್ ಸುಮ್ಮನಿರದೆ ಬಂದ ಫೋಟೋಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ ನೋಡಿದರು. ಎಲ್ಲದರಲ್ಲೂ ಕತ್ತಲು, ಮೂಲೆಯಲ್ಲೊಂದು ಚೂರು ಬಾಳೆ ಎಲೆ. ಕೊನೆಗೆ ನಿಟ್ಟುಸಿರು ಬಿಟ್ಟು ಹೇಳಿದರು. "ಬೇಜಾರು ಮಾಡ್ಕೋಬೇಡಿ ಅಕ್ಕ, ಮೇಷ್ಟ್ರು ತೆಗೆದಿದ್ದಕ್ಕಿಂತ ಇವೇ ಸ್ವಲ್ಪ ಶಾರ್ಪಾಗಿವೆ."

ಪೊದೆ ಮಾತಾಡಿತು

ಇಂಜಿನಿಯರ್‌ಗೆ ಒಂದು ಚಾಳಿ. ಹಕ್ಕಿ ಕಾಣದಿದ್ದರೆ ಫೋನಿನಲ್ಲಿ ಅದರ ಕೂಗು ಹಾಕುತ್ತಾರೆ. ಕೂಗು ಕೇಳಿ ಹಕ್ಕಿ ಹೊರಗೆ ಬರುತ್ತದೆ, ಇವರು ಫೋಟೋ ತೆಗೆಯುತ್ತಾರೆ. ಮೇಷ್ಟ್ರಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. ಅವತ್ತು ಕೇಳುವವರು ಇಲ್ಲವಲ್ಲ, ಹಳೇ ಕಲ್ಲುಗೋಡೆ ಹತ್ತಿರ ಬರುತ್ತಿದ್ದಂತೆ ಇವರು ಫೋನ್ ಹೊರಗೆ ತೆಗೆದರು. ಆ ಗೋಡೆಯ ಸಂದಿನಲ್ಲಿ ಹಾಲಕ್ಕಿಗಳಿವೆ, ಅಂಗೈಯಷ್ಟು ಪುಟ್ಟ ಗೂಬೆಗಳು.

"ಹಾಕಬ್ಯಾಡ್ರೀ ಸರ" ಎಂದಳು ಹುಡುಗಿ. "ತನ್ನ ಜಾಗಕ್ಕ ಬ್ಯಾರೇದು ಬಂತಂತ ತಿಳಕೊಂಡು ಪಾಪ ಹೊಡದಾಡಾಕ ಬರ್ತೈತಿ."

"ಒಂದೇ ಒಂದ್ಸಲ ಕಣಮ್ಮ" ಎಂದು ಒತ್ತಿಯೇ ಬಿಟ್ಟರು. ಚಿರ್‌ರ್ ಚಿರ್‌ರ್ ಎಂದು ಕೂಗು ಮಂಜಿನೊಳಗೆ ಹೋಯಿತು.

ಎದುರಿನ ಲಂಟಾನ ಪೊದೆಯಿಂದ ಉತ್ತರ ಬಂತು. ಇಂಜಿನಿಯರ್ ಕಣ್ಣು ಅರಳಿತು. ಮತ್ತೆ ಹಾಕಿದರು. ಮತ್ತೆ ಉತ್ತರ, ಈ ಸಲ ಇನ್ನೂ ಹತ್ತಿರ. ಇವರು ಕ್ಯಾಮರಾ ಎತ್ತಿ ಬಗ್ಗಿಕೊಂಡು ಹೆಜ್ಜೆ ಇಟ್ಟರು. ಪೊದೆ ಅಲ್ಲಾಡಿತು. ಹಾಲಕ್ಕಿ ಮತ್ತೊಮ್ಮೆ ಕೂಗಿ ನಿಲ್ಲಿಸಿತು. ಆಮೇಲೆ ಪೊದೆಯೊಳಗಿಂದ, ಸ್ಪಷ್ಟವಾಗಿ, ಮೇಷ್ಟ್ರ ದನಿ ಬಂತು.

"ಶ್! ಬಾಯಿ ಮುಚ್ರೋ! ಎಷ್ಟು ಸಲ ಹೇಳೋದು ನಿಮಗೆ, ಕಾಡಿಗೆ ಬಂದ್ರೆ ಮಾತಾಡ್ಬಾರ್ದು ಅಂತ!"

ಇಂಜಿನಿಯರ್ ಇದ್ದಲ್ಲೇ ಕೂತುಬಿಟ್ಟರು. ಹುಡುಗಿ ಮುಖ ಮುಚ್ಚಿಕೊಂಡಳು. ನನಗೆ ನಾಚಿಕೆಯ ವಿಷಯ, ನಾನು ಅಟೆನ್ಷನ್‌ನಲ್ಲಿ ನಿಂತಿದ್ದೆ. ಪೊದೆ ಸುಮ್ಮನಾಗಲಿಲ್ಲ. "ಕನ್ನಡಕದೋರೇ, ಹೇಳಿದ್ದು ನಿಮಗೇ!" ಅಂತ ನನ್ನನ್ನೇ ಹಿಡಿದು ಬೈಯಿತು.

ಅಷ್ಟರಲ್ಲಿ ಲಂಟಾನ ಸೀಳಿಕೊಂಡು ಅದೇ ಟೋಪಿಯವನು ಬಂದ, ಕೈಯಲ್ಲಿ ಫೋನು. "ಅಯ್ಯೋ, ನೀವಾ? ನಿಜವಾದ ಹಾಲಕ್ಕಿ ಅನ್ಕೊಂಡೆ!" ನೊಣಹಿಡುಕ ಹಾರಿಹೋಗಿದ್ದರಿಂದ ಅವನೂ ಹಾಲಕ್ಕಿ ಹುಡುಕಿಕೊಂಡು ಬಂದಿದ್ದ. ಅವನು ಹಾಕಿದ್ದು ಹೋದ ಬೇಸಿಗೆಯಲ್ಲಿ ಮೇಷ್ಟ್ರೇ ರೆಕಾರ್ಡ್ ಮಾಡಿದ ಕೂಗು. ನಮ್ಮ ವಾಟ್ಸಾಪ್ ಗುಂಪಿನಿಂದ ಯಾರ ಯಾರ ಕೈಗೋ ದಾಟಿ ಅವನಿಗೂ ಹೋಗಿತ್ತು. "ಇದರಲ್ಲಿ ಹಕ್ಕಿ ಇರೋದು ಸ್ವಲ್ಪಾನೇ ಸಾರ್" ಎಂದು ದೂರಿದ. "ಮಿಕ್ಕಿದ್ದೆಲ್ಲಾ ಯಾರೋ ಒಬ್ರು ಬಯ್ಯೋದೇ ಇದೆ."

ನಾವು ಅಕ್ಕನ ಮುಖ ನೋಡಲು ಹೆದರಿದೆವು. ನೋಡಿದರೆ ಎಷ್ಟೋ ದಿನದ ಮೇಲೆ ಆ ಮುಖ ಅರಳಿತ್ತು, ಕಣ್ಣಲ್ಲಿ ನೀರಿತ್ತು. ಅವನ ಕೈ ಹಿಡಿದುಕೊಂಡು ಕೇಳಿದರು. "ಮಗಾ, ಆ ಹಕ್ಕಿ ಅರಚೋದು ತೆಗೆದುಬಿಟ್ಟು, ಬಯ್ಯೋದನ್ನ ಮಾತ್ರ ನನಗೆ ಕಳಿಸ್ತೀಯಾ?"

ಎಡೆ

ಕಾಡಿನ ನಡುವೆ ಒಂದು ಅಗಲವಾದ ಬಂಡೆ ಇದೆ. ಅಲ್ಲಿ ಅಕ್ಕ ಎಲೆ ಹಾಸಿ ಬಡಿಸಿದರು. ಅನ್ನ, ಹಿತಕಿದ ಬೇಳೆ ಸಾರು, ಪಾಯಸ, ಎರಡು ಕಡಲೆಬೇಳೆ ವಡೆ. ಕೈಮುಗಿದು ಹಿಂದಕ್ಕೆ ಬಂದು ನಮ್ಮ ಜೊತೆ ಕೂತರು. ಮಂಜು ಸ್ವಲ್ಪ ಎತ್ತರಕ್ಕೆ ಏರಿತ್ತು, ಬಿಸಿಲು ಇನ್ನೂ ಬಂದಿರಲಿಲ್ಲ. ಗಾಳಿಯೂ ಇಲ್ಲ, ಸದ್ದೂ ಇಲ್ಲ. ಕಾಡೇ ನಮ್ಮನ್ನು ನೋಡುತ್ತಾ ಕೂತ ಹಾಗಿತ್ತು.

ಕಾಗೆ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಎದುರಿನ ಒಣಕೊಂಬೆ ಮೇಲೆ ಇರಲಿಲ್ಲ, ಆಮೇಲೆ ಇತ್ತು. ಕಾಡುಕಾಗೆ, ಪೂರ್ತಿ ಕಪ್ಪು. ಎಲೆ ನೋಡಿತು. ಆಮೇಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿತು, ಹಾಜರಿ ತೆಗೆದುಕೊಳ್ಳುವವರಂತೆ. ಬಂಡೆಗೆ ಇಳಿದು ಸಾರಿಗೆ ಕೊಕ್ಕು ಅದ್ದಿತು, ತಲೆ ಕೊಡವಿತು, ಹಿಂದಕ್ಕೆ ಸರಿದು ನಿಂತಿತು.

"ಏನೋ ಆಸೆ ಉಳಿದಿದೆ" ಎಂದರು ಅಕ್ಕ. "ಏನ್ರೀ, ನಾನು ಮಾತು ಬಿಟ್ಟಿರೋ ನಿಮ್ಮ ತಂಗಿ ವಿಷ್ಯಾನಾ? ಮಾತಾಡಿಸ್ತೀನಿ ಬಿಡಿ."

ಕಾಗೆ ಅಲ್ಲಾಡಲಿಲ್ಲ.

"ಸರಿ, ಮನೆಗೂ ಕರೀತೀನಿ."

ಕಾಗೆ ಒಂದು ಹೆಜ್ಜೆ ಮುಂದೆ ಬಂತು. ಅಕ್ಕನಿಗೆ ಗಾಬರಿಯಾಯಿತು. "ಊಟಕ್ಕೆ ಮಾತ್ರ! ಉಳ್ಕೊಳ್ಳೋಕಲ್ಲ!" ಕಾಗೆ ಮತ್ತೆ ಹಿಂದಕ್ಕೆ ಹೋಯಿತು.

ಇಂಜಿನಿಯರ್ ಎದ್ದು ನಿಂತು, ಇನ್ನು ಮುಂದೆ ಕೂಗು ಹಾಕುವುದಿಲ್ಲ ಎಂದು ಕಾಗೆಗೆ ಮಾತು ಕೊಟ್ಟರು. ಹುಡುಗಿ, "ಸರ, ನಾ ದಿನಾ ತಿಂಡಿ ತಿಂದ ಆಫೀಸಿಗೆ ಹೊಕ್ಕೀನ್ರಿ" ಅಂದಳು. ಕಾಗೆ ಜಪ್ಪಯ್ಯ ಅನ್ನಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು.

ನನಗೂ ಮೇಷ್ಟ್ರಿಗೂ ಒಂದು ವ್ಯಾಜ್ಯ ಉಳಿದಿತ್ತು. ಅವರು ತೆಗೆದ ಒಂದು ಪುಟ್ಟ ಗಿಡುಗದ ಫೋಟೋ. ಅವರು ಅದನ್ನು ಅಪರೂಪದ ಬೆಸ್ರಾ ಅನ್ನುತ್ತಿದ್ದರು, ನಾನು ಬೀದಿಬೀದಿಯಲ್ಲಿ ಸಿಗುವ ಶಿಕ್ರಾ ಅನ್ನುತ್ತಿದ್ದೆ. ಕಣ್ಣಿನ ವ್ಯವಹಾರ ಮಾಡುವವನು ನಾನು, ಕಂಡದ್ದನ್ನು ಹೇಗೆ ಬಿಟ್ಟುಕೊಡಲಿ? ಆದರೆ ಅಕ್ಕನ ಇಳಿದ ಮುಖ ಎದುರಿಗಿತ್ತು. ಎದ್ದೆ, ಕೈಮುಗಿದೆ. "ಆಯ್ತು ಮೇಷ್ಟ್ರೇ. ಅದು ಬೆಸ್ರಾನೇ."

ಕಾಗೆ ನನ್ನನ್ನೇ ಒಂದು ಗಳಿಗೆ ನೋಡಿ, ಕಾ ಎಂದು ಹಾರಿಹೋಯಿತು. ಅದು ಶಿಕ್ರಾ ಕಣ್ರೀ, ಈಗಲೂ ಹೇಳುತ್ತೇನೆ.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. "ನನ್ನ ಮೇಲೇ ಸಿಟ್ಟು. ಅವತ್ತು ಕೈಹಿಡಿದು ಕೂರಿಸಿ ತಿನ್ನಿಸ್ಬೇಕಿತ್ತು ನಾನು." ಅಕ್ಕ ಎಲೆ ಎತ್ತಲು ಬಗ್ಗಿದರು.

ಆಗ ತಲೆ ಮೇಲಿನಿಂದ ಕಂದುಬಣ್ಣದ್ದೊಂದು ಸದ್ದಿಲ್ಲದೆ ಇಳಿಯಿತು. ಉದ್ದ ಬಾಲ, ಕಪ್ಪು ತಲೆ. ಅಕ್ಕನ ಕೈಯ ಪಕ್ಕದಿಂದಲೇ ಒಂದು ವಡೆ ಕಚ್ಚಿಕೊಂಡು ಕೊಂಬೆಗೆ ಹೋಗಿ, ಕಾಲಲ್ಲಿ ಅದುಮಿ ಹಿಡಿದು, ನಮ್ಮನ್ನೇ ನೋಡುತ್ತಾ ತಿನ್ನತೊಡಗಿತು. ಮಟಪಕ್ಷಿ. ಮೂವರ ಕೊರಳಲ್ಲೂ ಕ್ಯಾಮರಾ ನೇತಾಡುತ್ತಿತ್ತು, ಒಬ್ಬರಿಗೂ ಎತ್ತಬೇಕೆಂದು ಹೊಳೆಯಲಿಲ್ಲ.

"ಇದು ಕಾಗೆ ಅಲ್ವಲ್ಲಾ" ಎಂದರು ಅಕ್ಕ, ಆಸೆ ಬಿಡಲೂ ಆಗದೆ, ಇಟ್ಟುಕೊಳ್ಳಲೂ ಆಗದೆ.

"ಅಕ್ಕಾರ, ಇದೂ ಕಾಗಿ ಕುಟುಂಬದ್ದೇ ರೀ!" ಎಂದಳು ಹುಡುಗಿ. "ಯಾರ್ನರ ಕೇಳ್ರಿ."

ತಿಥಿ ಮಾಡಿಸಿದ ಪುರೋಹಿತರಿಗೇ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅವರು ಇನ್ನೊಂದು ಮನೆಯ ಗೃಹಪ್ರವೇಶದಲ್ಲಿದ್ದರು, ಹಿಂದೆ ಗಂಟೆ ಸದ್ದು. ಎಲ್ಲ ಕೇಳಿಸಿಕೊಂಡು ಹೇಳಿದರು. "ಒಂದೇ ಕುಟುಂಬ ಅಂತೀರಿ. ಅಂದ್ರೆ ಕಾಗೆಗೆ ಇದು ದಾಯಾದಿ ಆಗ್ಬೇಕು."

"ಹೌದು ಸ್ವಾಮಿ, ದೂರದ ದಾಯಾದಿ."

"ದಾಯಾದಿಗೆ ಅಧಿಕಾರ ಇದೆ. ಆಗಬಹುದು. ಅನ್ನ ಮುಟ್ಟಿತಾ?"

"ಇಲ್ಲ. ವಡೆ ಮಾತ್ರ."

"ಅನ್ನ ಮುಟ್ಟದಿದ್ರೆ ಅವರೇ ಬಂದಿದ್ರು ಅಂತ ಖಡಾಖಂಡಿತವಾಗಿ..."

ಅಕ್ಕ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. "ಸ್ವಾಮಿ, ಮದುವೆಯಾದಾಗಿಂದ ಬಡಿಸಿದೀನಿ ನಾನು. ಅನ್ನ ಬಿಟ್ಟು, ನಿಂತ್ಕೊಂಡೇ ವಡೆ ಎತ್ಕೊಂಡು ಓಡೋದು ಅವರೊಬ್ರೇ. ಕೂತ್ಕೊಂಡು ನೆಟ್ಟಗೆ ಅನ್ನ ತಿಂದಿದ್ರೆ, ಯಾರೋ ಬೇರೆಯವರ ಮನೆ ಗಂಡಸು ಅಂತ ನಾನೇ ಓಡಿಸ್ತಿದ್ದೆ!"

ಫೋನ್ ಇಟ್ಟರು. ಕ್ಯಾರಿಯರ್ ಮಡಿಲಿಗೆ ಎಳೆದುಕೊಂಡು, ಉಳಿದಿದ್ದ ಅನ್ನಕ್ಕೆ ಸಾರು ಸುರಿದು ಕಲಸಿ, ದೊಡ್ಡದೊಂದು ತುತ್ತು ಬಾಯಿಗಿಟ್ಟರು. ಇಂಜಿನಿಯರ್ ಸುಮ್ಮಸುಮ್ಮನೆ ಲೆನ್ಸ್ ಒರೆಸುತ್ತಿದ್ದರು.

ಅಕ್ಕ ಅಗಿಯುವುದನ್ನು ನಿಲ್ಲಿಸಿದರು. ಕಣ್ಣು ದೊಡ್ಡದಾಯಿತು. ಅಳುತ್ತಾರೆ ಎಂದುಕೊಂಡು ಹುಡುಗಿ ಹತ್ತಿರ ಸರಿದಳು.

"ಅಯ್ಯೋ, ಸಾರಿಗೆ ಉಪ್ಪೇ ಹಾಕಿಲ್ಲ ಕಣ್ರೋ! ಎಡೆ ಇಡೋ ಮುಂಚೆ ರುಚಿ ನೋಡ್ಬಾರ್ದು ಅಂತ ಹಾಗೇ ತಂದ್ಬಿಟ್ಟೆ. ಅದಕ್ಕೇ ಆ ಕಾಗೆ ತಲೆ ಕೊಡವಿದ್ದು!"

ಆಮೇಲೆ ಇನ್ನೊಂದು ತುತ್ತು ಕಲಸುತ್ತಾ, ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು.

"ಕನ್ನಡಕದೋರೇ, ಹಂಗಾದ್ರೆ ನಾದಿನಿನ ಊಟಕ್ಕೆ ಕರೀಬೇಕಾಗಿಲ್ಲ ಅಲ್ವಾ?"